ಕೋವಿ ಒಪ್ಪಿಸಿ ಬಂದ ಮಧ್ಯಾಹ್ನ

ಕಾದ ಡಾಂಬರಿನ ವಾಸನೆ ಮೂಗಿಗೆ ಬಡಿಯುತ್ತಿದೆ, ಜಯನಗರದ ಈ ಹೊಸ ರಸ್ತೆಗೆ ಇನ್ನೂ ಒಂದು ಮರದ ನೆರಳಿಲ್ಲ, ಮುಂದೆ ಹೋಗುತ್ತಿರುವ ಗಂಡ ಒಮ್ಮೆಯೂ ತಿರುಗಿ ನೋಡಿಲ್ಲ — ನೋಡದಿದ್ದರೆ ಬೇಡ, ಎಡವದಿದ್ದರೆ ಸಾಕು, ಅಂದುಕೊಂಡಳು ಮುನಿವೆಂಕಟಮ್ಮ. ಪೊಲೀಸ್ ಠಾಣೆಯ ಮೇಜಿನ ಮೇಲೆ ಕೋವಿ ಇಟ್ಟು ಬಂದಾಗಿನಿಂದ ಚಿಕ್ಕಬೈರಪ್ಪ ತುಟಿ ಬಿಚ್ಚಿಲ್ಲ. ಅವನ ಅಪ್ಪನ ಕಾಲದ ಕೋವಿ, ಇಟ್ಟಮಡುವಿನ ಹೊಲದಲ್ಲಿ ರಾಗಿ ತೆನೆಗಟ್ಟಿದಾಗ ಅದನ್ನು ಹಿಡಿದು ಇವನು ಅಟ್ಟಣೆಯ ಮೇಲೆ ಕೂತು ಕಾಡುಹಂದಿಗೆ ಕಾಯುತ್ತಿದ್ದ, ಆಗಿನ್ನೂ ಹೊಸ ಸೊಸೆ ಅವಳು, ಬುತ್ತಿ ಹಿಡಿದು ಹೋದರೆ ಅಷ್ಟು ದೂರದಿಂದಲೇ ಗುರುತಿಸಿ, ಬಾರಮ್ಮಿ, ಬದು ಜಾರ್ತದೆ ಹುಷಾರು, ಅನ್ನುತ್ತಿದ್ದ — ಎಂಥ ಕಣ್ಣು ಅವು, ಈಗ ಹಾಲು ಕದಡಿದ ಹಾಗೆ ಪೊರೆ, ಸಾರೆಂದುಕೊಂಡು ಉಪ್ಪಿಗೆ ಮುದ್ದೆ ಅದ್ದುತ್ತಾನೆ, ಅವಳು ಏನೂ ಕಾಣದವಳ ಹಾಗೆ ತಟ್ಟೆ ತಿರುಗಿಸಿಡುತ್ತಾಳೆ, ಯಾರಿಗೂ ಹೇಳಿಲ್ಲ. ಹೋದ ವಾರ ಮುಸ್ಸಂಜೆ ಹೊಲದಂಚಿನಲ್ಲಿ ಏನೋ ಅಲುಗಿತು, ಹಂದಿ ಹಂದಿ ಅಂದವನೇ ಹೊಡೆದ, ಪಕ್ಕದ ಮನೆಯ ಲಕ್ಷ್ಮಮ್ಮ ಮಡಿಲ ಸೊಪ್ಪು ಚೆಲ್ಲಿ ಚೀರಿದಳು, ಗುಂಡು ಹುಲ್ಲಿನ ಮೆದೆಗೆ ಹೊಕ್ಕಿತ್ತು, ದೇವರು ದೊಡ್ಡವನು. ಲಕ್ಷ್ಮಮ್ಮನ ಕಡೆಯವರು ದೂರು ಕೊಟ್ಟರು, ಲೈಸೆನ್ಸು ರದ್ದು, ಕೋವಿ ತಂದೊಪ್ಪಿಸು ಅಂತ ಠಾಣೆಯಿಂದ ಹೇಳಿಕಳಿಸಿದರು. ಬೆಳಿಗ್ಗೆ ಕೋವಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಅವಳನ್ನೂ ಕರೆದುಕೊಂಡು, ಇವನು ಹತ್ತಿದ್ದು ಠಾಣೆಯ ಮೆಟ್ಟಿಲಲ್ಲ, ವಕೀಲ ಅನಂತಪದ್ಮನಾಭಯ್ಯನವರ ಜಗುಲಿ. ಸ್ವತಂತ್ರ ಬಂತು ಅಂತೀರಲ್ಲ ಸ್ವಾಮಿ, ನನ್ ಹೊಲ, ನನ್ ಕೋವಿ, ಯಾವನ ಅಪ್ಪಣೆ ಬೇಕು? ಮಹಾರಾಜರ ಕಾಲ್ದಲ್ಲೂ ಯಾರೂ ಕಿತ್ಕೊಳ್ಳಲಿಲ್ಲ! ವಕೀಲರು ಕನ್ನಡಕ ಒರೆಸುತ್ತ, ಸಂವಿಧಾನ ಮಾತಾಡೋ ಹಕ್ಕು ಕೊಟ್ಟಿದೆ ಬೈರಪ್ಪ, ಗುಂಪು ಸೇರೋ ಹಕ್ಕೂ ಕೊಟ್ಟಿದೆ, ಆದ್ರೆ ಶಾಂತಿಯಿಂದ, ಆಯುಧ ಇಲ್ದೆ ಅಂತ ಅಲ್ಲೇ ಬರೆದಿದೆ, ಕೋವಿ ಹಕ್ಕಲ್ಲಪ್ಪ, ಬರೀ ಪರವಾನಗಿ, ಅಂದರು. ಹಂದಿಗೆ ಸಂವಿಧಾನ ಓದಿ ಹೇಳ್ಲಾ ಸ್ವಾಮಿ? ವಕೀಲರು ನಕ್ಕರು, ಸರಿ, ಅಪೀಲು ಹಾಕೋಣ, ಗೆಲ್ಲಬಹುದು, ಕಣ್ಣು ನೆಟ್ಟಗಿದೆ ತಾನೆ? ಹದ್ದಿನ ಕಣ್ಣು ಸ್ವಾಮಿ, ಅಂದ. ಗೆದ್ದುಬಿಟ್ಟರೆ, ಅನ್ನಿಸಿತು ಅವಳಿಗೆ, ಗೆದ್ದುಬಿಟ್ಟರೆ ನಾಳೆ ಯಾರ ಮಗುವೋ — ಬಾಯಿಂದ ಮಾತು ತಾನಾಗಿ ಜಾರಿತು, ಇಲ್ಲ ಸ್ವಾಮಿ, ನಮ್ಮೋರಿಗೆ ಕಣ್ ಕಾಣಾಕಿಲ್ಲ. ಬೈಯಲಿಲ್ಲ ಅವನು, ಬೈದಿದ್ದರೆ ಎಷ್ಟೋ ವಾಸಿಯಿತ್ತು, ಮುಖ ಮಾತ್ರ ಎಳೆಗೂಸಿನ ಹಾಗೆ ಬರಿದಾಯಿತು, ಎದ್ದು, ನಡಿ ಠಾಣೆಗೆ, ಅಂದ, ಅಷ್ಟೇ. ಕೋವಿ ಕಸಿದದ್ದು ಸರ್ಕಾರವೋ ನಾನೋ, ಹಂದಿ ಬಂದರೆ ತಮಟೆ ಬಡಿದೇನು, ರಾಗಿ ಹೋದರೂ ಹೋಗಲಿ, ಈ ಮೌನ ಹೇಗೆ ತಡೆಯಲಿ — ಇಟ್ಟಿಗೆ ತುಂಬಿದ ಲಾರಿ ಅಬ್ಬರಿಸಿಕೊಂಡು ಬಂತು, ಅವನು ರಸ್ತೆಯಂಚಿನಲ್ಲಿ ತಟಕ್ಕನೆ ನಿಂತ, ತಿರುಗಲಿಲ್ಲ, ಕೈ ಮಾತ್ರ ಹಿಂದಕ್ಕೆ ಚಾಚಿದ, ಅಮ್ಮಿ, ಇದ್ದೀಯಾ? ನಡುಬೀದಿಯಲ್ಲಿ ಹೆಂಡತಿಯ ಕೈಗೆ ಕೈ ಚಾಚುವುದೆ, ಇಷ್ಟು ವರ್ಷದಲ್ಲಿ ಒಮ್ಮೆಯೂ ಇಲ್ಲ, ಜನ ನೋಡುತ್ತಾರೆ, ನೋಡಲಿ, ಇದ್ದೀನಿ, ಇಲ್ಲೇ ಇದ್ದೀನಿ — ಆ ಕೈ, ಬಿಸಿಲಲ್ಲಿ ಬೆರಳು ಬಿಡಿಸಿ ಗಾಳಿಯನ್ನು ತಡವುತ್ತಿರುವ ಕೈ, ಅವಳ ಬೆರಳು ಸಿಕ್ಕಿದ್ದೇ ಬಿಗಿಯಾದ ಕೈ, ಆ ಕೈ.