ಲಾಯ್ಟೆನ್‌ಫೆಲ್ಡಿನ ಇಬ್ಬರು ಹುಚ್ಚರು

ಲಾಯ್ಟೆನ್‌ಫೆಲ್ಡಿನ ದೊರೆ ಹಳೆಯ ಡ್ಯೂಕ್ ಸತ್ತಾಗ ಅರಮನೆಗೆ ಹಾಕಿದ ಶೋಕದ ಕಪ್ಪು ಪರದೆಗಳನ್ನು ಇನ್ನೂ ತೆಗೆದಿರಲಿಲ್ಲ. ಅಷ್ಟರಲ್ಲೇ ಅವನ ಎರಡನೆಯ ಹೆಂಡತಿ ಸಿಬಿಲ್ಲಾ ಆಸ್ಥಾನ ವೈದ್ಯ ಬಾಲ್ಟಸರ್ ಕೋಬರನನ್ನು ಕರೆಸಿಕೊಂಡಳು.

"ನನ್ನ ಮಲಮಗನಿಗೆ ತಲೆ ಸರಿಯಿಲ್ಲ ವೈದ್ಯರೇ. ಕುದುರೆಗಳ ಜೊತೆ ಗಂಟೆಗಟ್ಟಲೆ ಮಾತಾಡ್ತಾನೆ, ಮಂತ್ರಿಗಳು ಬಂದ್ರೆ ಬಾಯೇ ಬಿಡಲ್ಲ. ಪಟ್ಟಕ್ಕೆ ಲಾಯಕ್ಕಿಲ್ಲ ಅಂತ ಸಭೇಲಿ ನೀವು ಹೇಳಿದ್ರೆ ಸಾಕು."

"ಒಂದ್ಸಲ ಪರೀಕ್ಷೆ ಮಾಡ್ತೀನಿ, ಅಮ್ಮಾವ್ರೇ."

"ಮಾಡಿ, ಮಾಡಿ. ಮಾಡಿದ್ಮೇಲೆ ಏನು ಹೇಳ್ಬೇಕು ಅನ್ನೋದು ಗೊತ್ತಲ್ಲ?"

ಲಾಯದಲ್ಲಿ ಅವಳ ಮಲಮಗ, ಯುವಕ ಯೂಲಿಯುಸ್, ತಾನೇ ಕುದುರೆಯ ಮೈ ಉಜ್ಜುತ್ತಿದ್ದ. ಅವನು ಹುಟ್ಟಿದಾಗ ಮೊದಲು ಎತ್ತಿಕೊಂಡವನು ಕೋಬರನೇ.

"ನನ್ನ ತಲೆಯೊಳಗೆ ಇಣುಕೋಕೆ ಬಂದ್ರಾ?"

"ಹೌದು, ಪ್ರಭು."

"ಈ ಕುದುರೆ ಹತ್ರ ಹೇಳಿದ್ದು ಚಿಕ್ಕಮ್ಮನ ಕಿವಿಗೆ ಹೋಗಲ್ಲ. ಈ ಅರಮನೇಲಿ ಇನ್ಯಾರ ಹತ್ರ ಮಾತಾಡ್ಲಿ, ನೀವೇ ಹೇಳಿ."

ಆ ಅರಮನೆಯಲ್ಲಿ ಇಷ್ಟು ನೆಟ್ಟಗಿನ ಮಾತನ್ನು ಕೋಬರ್ ಕೇಳಿ ಬಹಳ ಕಾಲವಾಗಿತ್ತು.

ಸಭೆಯ ದಿನ ಬರುವವರೆಗೆ ಅವನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಹೆಂಡತಿ ಡೊರೊಥೆಯಾ ಇಟ್ಟ ಬಿಯರ್ ಹಾಕಿ ಬೇಯಿಸಿದ ಗಂಜಿ ಮುಂದೆಯೇ ಆರಿಹೋಗುತ್ತಿತ್ತು.

"ಹೂಂ ಅಂದ್ರೆ ನಿದ್ದೆ ಬರಲ್ಲ, ಊಹೂಂ ಅಂದ್ರೆ ತಲೆ ಉಳಿಯಲ್ಲ ಕಣೇ."

"ಈಗೇನು ಗೊರಕೆ ಹೊಡೀತಿದ್ದೀರಾ?" ಎಂದಳು ಅವಳು.

ಸಭೆಯಲ್ಲಿ ಕೋಬರ್ ಎದ್ದು ನಿಂತ. "ನಮ್ಮ ಪ್ರಭುಗಳ ಬುದ್ಧಿ ನೆಟ್ಟಗಿದೆ," ಎಂದ. ಅಷ್ಟೇ ಹೇಳಿ ಕೂತುಬಿಟ್ಟ. ಸಿಬಿಲ್ಲಾಳ ಕೈಯ ಬೀಸಣಿಗೆ ನಿಂತಿತು. ಅತ್ತಿತ್ತ ನೋಡುತ್ತ ಕೂತಿದ್ದ ದಂಡನಾಯಕ ಎದ್ದುಹೋಗಿ ಯೂಲಿಯುಸ್‌ನ ಮುಂದೆ ತಲೆಬಾಗಿದ. ಉಳಿದವರು ಕುರ್ಚಿ ಎಳೆದಾಡಿಕೊಂಡು ಅವನ ಹಿಂದೆ ಧಾವಿಸಿದರು.

ಹೊಸ ಡ್ಯೂಕ್ ವೈದ್ಯನ ಕೊರಳಿಗೆ ಚಿನ್ನದ ಸರ ಹಾಕಿದ. ಊರೆಲ್ಲ ಕೋಬರನನ್ನು ಕೊಂಡಾಡಿತು. ಹಿಮ ಕರಗುವ ಹೊತ್ತಿಗೆ ಮತ್ತೆ ಕರೆ ಬಂತು. ಯೂಲಿಯುಸ್ ಈಗ ಅಪ್ಪನ ಎತ್ತರದ ಕುರ್ಚಿಯಲ್ಲಿ ಕೂತಿದ್ದ.

"ಚಿಕ್ಕಮ್ಮನಿಗೆ ತಲೆ ಸರಿಯಿಲ್ಲ ಅನ್ಸುತ್ತೆ ವೈದ್ಯರೇ."

"ಅವರ ತಲೆ ನಮ್ಮಿಬ್ಬರದಕ್ಕಿಂತ ಚುರುಕಾಗಿದೆ, ಪ್ರಭು."

"ಕಾಯಿಲೆ ಅದೇ ನೋಡಿ. ನಾನು ಕೊಲ್ಲಿಸಿದ್ರೆ ಅವಳ ತವರಿನವರು ದಂಡೆತ್ತಿ ಬರ್ತಾರೆ. ನೀವು ಹುಚ್ಚಿ ಅಂದ್ರೆ ಯಾರೂ ತುಟಿ ಎರಡು ಮಾಡಲ್ಲ. ಕೋಬರ್ ಸುಳ್ಳು ಹೇಳಲ್ಲ ಅನ್ನೋದು ಈಗ ಎಲ್ಲರಿಗೂ ಗೊತ್ತು!"

ಕೋಬರ್ ಪರೀಕ್ಷೆಯ ನೆಪದಲ್ಲಿ ಸಿಬಿಲ್ಲಾಳ ಕೋಣೆಗೆ ಹೋದ. ಬಾಗಿಲಲ್ಲಿ ಆಗಲೇ ಕಾವಲಿತ್ತು.

"ಇಷ್ಟು ತಡ ಯಾಕಾಯ್ತು ಅಂತ ಯೋಚಿಸ್ತಿದ್ದೆ," ಎಂದಳು ಅವಳು. "ಹೇಳಿಬಿಡಿ ವೈದ್ಯರೇ. ಅವನ ಜಾಗದಲ್ಲಿದ್ರೆ ನಾನೂ ಹೇಳಿಸ್ತಿದ್ದೆ." ಮಾತು ಬಿಗಿಯಾಗಿತ್ತು. ಮಡಿಲಲ್ಲಿದ್ದ ಕೈಗಳು ಮಾತ್ರ ಒಂದನ್ನೊಂದು ಹಿಸುಕುತ್ತಿದ್ದವು.

ಕೋಬರ್ ಮನೆಗೆ ಬಂದವನೇ "ಗಂಟು ಕಟ್ಟು" ಎಂದ. ಡೊರೊಥೆಯಾ ಬಟ್ಟೆಬರೆ ಕಟ್ಟಿದಳು. ಚಿನ್ನದ ಸರವನ್ನು ಮೇಜಿನ ಮೇಲೆ ಬಿಟ್ಟು, ಒಬ್ಬ ರೈತನ ಹುಲ್ಲಿನ ಗಾಡಿ ಹತ್ತಿ ಗಡಿ ದಾಟಿದರು.

ಗಡಿಯಾಚೆಯ ಸ್ಯಾಕ್ಸನಿ ರಾಜ್ಯದ ಒಂದು ಸಣ್ಣ ಊರಿನಲ್ಲಿ ನೇಕಾರರ ಕೆಮ್ಮಿಗೆ ಕಷಾಯ ಕೊಡುತ್ತ ಅವನು ಬದುಕಿದ. ಒಂದು ಮಧ್ಯಾಹ್ನ ಊರೂರು ತಿರುಗುವ ವ್ಯಾಪಾರಿಯೊಬ್ಬ ಸುದ್ದಿ ತಂದ: ಹೊಸ ವೈದ್ಯನ ಮಾತಿನ ಮೇಲೆ ಸಿಬಿಲ್ಲಾಳನ್ನು ಗೋಪುರದಲ್ಲಿ ಕೂಡಿಹಾಕಿದ್ದಾರಂತೆ, ಈಗ ಅವಳು ನಿಜವಾಗಿಯೂ ಗೋಡೆಗಳ ಜೊತೆ ಮಾತಾಡುತ್ತಾಳಂತೆ.

ಕೋಬರ್ ಊಟ ಬಿಟ್ಟು ಎದ್ದ. "ಅಲ್ಲೇ ಇದ್ದು, ಸಭೇಲಿ ಎದ್ದು ನಿಂತು ಅವರಿಗೆ ಹುಚ್ಚಿಲ್ಲ ಅಂದಿದ್ರೆ?"

"ನಿಮ್ಮನ್ನ ಮುಗಿಸಿ ಇನ್ನೊಬ್ಬನ ಹತ್ರ ಹೂಂ ಅನ್ನಿಸ್ತಿದ್ರು. ಕೂತ್ಕೊಳ್ಳಿ," ಎಂದಳು ಡೊರೊಥೆಯಾ.

ಅವನು ಕೂರಲಿಲ್ಲ. ಟೋಪಿಯನ್ನೂ ಹಾಕಿಕೊಳ್ಳದೆ ಹೊರಗೆ ಹೋಗಿ, ಊರಾಚೆಯ ದಾರಿಯಲ್ಲಿ ಕತ್ತಲಾಗುವವರೆಗೆ ಅತ್ತಿಂದಿತ್ತ ನಡೆಯುತ್ತಲೇ ಇದ್ದ.