ಎಚ್‌ಸಿಎಲ್ ಮುಂದಿನ ಎರಡು

ತೋಂಟೇಶನ ಮಗಳು ವರ್ಷಿಣಿಯಷ್ಟು ಚುರುಕಾದ ಹುಡುಗಿ ನನ್ನ ಬಳಿ ಪಾಠಕ್ಕೆ ಬಂದೇ ಇರಲಿಲ್ಲ. ಗಂಡನ ಬ್ಯಾಂಕಿನ ವರ್ಗಾವಣೆಯ ಹಿಂದೆ ಕಾಶಿಗೆ ಬಂದವಳು ನಾನು. ಶಿವಾಲದ ಓಣಿಯಲ್ಲಿ ತೋಂಟೇಶ ನಡೆಸುವ ಯಾತ್ರಿನಿವಾಸದ ಮೇಲ್ಮಹಡಿಯಲ್ಲಿ ಬಾಡಿಗೆಗಿದ್ದು, ನೀಟ್ ಪರೀಕ್ಷೆಗೆ ಓದುವ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಯಾವ ಎರಡು ವಸ್ತುಗಳ ಹೆಸರು ಹೇಳಿದರೂ ಸಾಕು, ಸೇರಿಸಿದರೆ ಏನು ಹುಟ್ಟುತ್ತದೆಂದು ವರ್ಷಿಣಿ ಕಣ್ಣುಮುಚ್ಚಿ ಬರೆಯುತ್ತಿದ್ದಳು. ನಾನೂ ಅವಳನ್ನು ಹೊಗಳಿ ಅಟ್ಟಕ್ಕೇರಿಸಿದ್ದೆ.

ಆ ದಿನ ಗದಗದಿಂದ ಒಂದು ಬಸ್ಸು ಜನ ಬರುವವರಿದ್ದರು. ಬೆಳಿಗ್ಗೆ ಕೆಳಗೆ ಯಾರೋ ಕರುಳು ಕಿತ್ತು ಬರುವಂತೆ ಕೆಮ್ಮುವುದು ಕೇಳಿ ಓಡಿದೆ. ನಿವಾಸದಲ್ಲಿ ಕೆಲಸಕ್ಕಿದ್ದ ಕಾಶಮ್ಮ ಬಚ್ಚಲ ಬಾಗಿಲಲ್ಲಿ ಕುಸಿದಿದ್ದಳು. ಒಳಗಿನ ಘಾಟಿಗೆ ನನ್ನ ಕಣ್ಣೂ ಉರಿಯಿತು. ವರ್ಷಿಣಿ ಬಿಳಿಚಿಕೊಂಡು ಗೋಡೆಗೊರಗಿ ನಿಂತಿದ್ದಳು.

“ಏನು ಹಾಕಿದಳು?” ಎಂದೆ.

“ಬ್ಲೀಚಿಂಗ್ ಪೌಡರ್ ಹಾಕಿದ್ರು. ಪಾಪಾ ಬೋಲೇ, ಮೇಲಿಂದ ಆಸಿಡ್ ಭೀ ಹಾಕು, ಜಲ್ದಿ ಸಾಫ್ ಆಗ್ತದೆ ಅಂತ.”

“ನೀನು ಎಲ್ಲಿದ್ದೆ?”

“ಇಲ್ಲೇ.”

“ಇಲ್ಲೇ ಇದ್ದು ಸುಮ್ಮನಿದ್ಯಾ? ಏನು ಬರುತ್ತೆ ಅಂತ ಹೊಳೀಲಿಲ್ವಾ?”

“ನನ್ನನ್ನ ಯಾರೂ ಕೇಳ್ಲಿಲ್ಲ ಆಂಟಿ.”

ಕೆನ್ನೆಗೆ ಬಾರಿಸಬೇಕೆನಿಸಿತು, ಹೊತ್ತಿರಲಿಲ್ಲ. ಕಾಶಮ್ಮನನ್ನು ಆಟೋದಲ್ಲಿ ಮಲಗಿಸಿಕೊಂಡು ವರ್ಷಿಣಿಯೂ ನಾನೂ ಅಸ್ಸಿ ಘಾಟಿನ ಹತ್ತಿರದ ನರ್ಸಿಂಗ್ ಹೋಮಿಗೆ ಹೋದೆವು. ತೋಂಟೇಶ ಸ್ಕೂಟರಿನಲ್ಲಿ ಮೊದಲೇ ತಲುಪಿ ಡಾಕ್ಟರ ಕಿವಿ ಕಚ್ಚಿದ್ದ. ಫಿನಾಯಿಲ್ ವಾಸನೆ ತಡೆಯಲಿಲ್ಲವಂತೆ, ಕಾಶಮ್ಮನಿಗೆ ಮೊದಲಿಂದಲೂ ದಮ್ಮು ಇದೆಯಂತೆ. ದಿನಾ ಕೊಡ ಹೊತ್ತು ನನ್ನ ಮಹಡಿಯವರೆಗೆ ಹತ್ತಿ ಬರುವವಳಿಗೆ ದಮ್ಮಂತೆ.

ಆಮ್ಲಜನಕ ಕೊಟ್ಟ ಮೇಲೆ ಕೆಮ್ಮು ಕೊಂಚ ಇಳಿಯಿತು. ದಮ್ಮಾದರೆ ಮನೆಗೆ ಕರೆದೊಯ್ಯಬಹುದು ಎಂದರು ಡಾಕ್ಟರು. ದಮ್ಮಲ್ಲ, ಕ್ಲೋರಿನ್ ಎಂದೆ ನಾನು. ಅದು ಎದೆಗೆ ಹೋದರೆ ಈಗ ಸುಧಾರಿಸಿದಂತೆ ಕಂಡವರಿಗೂ ಆಮೇಲೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ನಾಳೆಯವರೆಗಾದರೂ ಇಟ್ಟುಕೊಳ್ಳಿ ಎಂದು ಅಂಗಲಾಚಿದೆ.

“ಕ್ಲೋರಿನ್ ಅಂದ್ರ ಪೊಲೀಸ್ ಕೇಸ್ ಆಗ್ತೈತ್ರೀ ಮೇಡಂ,” ತೋಂಟೇಶ ಪಿಸುಗುಟ್ಟಿದ. “ಗದಗದಿಂದ ಬರೂ ಮಂದಿ ಎಲ್ಲಾ ಬ್ಯಾರೆ ಕಡೆ ಹೊಕ್ಕಾರ. ನಿಮಗ್ಯಾಕ ಬೇಕ್ರಿ ಇದು?”

“ಕಿಸೀ ನೇ ದೇಖಾ?” ಎಂದರು ಡಾಕ್ಟರು. ಕಣ್ಣಾರೆ ಕಂಡವರು ಬೇಕಿತ್ತು ಅವರಿಗೆ. ನಾನು ವರ್ಷಿಣಿಯತ್ತ ಕೈ ತೋರಿಸಿದೆ. ಅವಳು ಅಪ್ಪನ ಮುಖ ನೋಡಿದಳು.

“ಮುಝೇ ನಹೀ ಪತಾ,” ಎಂದಳು. ತನಗೇನೂ ಗೊತ್ತಿಲ್ಲವಂತೆ.

ಮೈಯೆಲ್ಲ ಉರಿದುಹೋಯಿತು. ಮೇಜಿನ ಮೇಲಿದ್ದ ಚೀಟಿ ಎಳೆದುಕೊಂಡು, ಅವಸರದಲ್ಲಿ ಡಾಕ್ಟರ ಮುಂದೆ ಗೀಚಿದೆ:

CaOCl₂ + HCl → CaCl₂ + H₂O + Cl₂

ಡಾಕ್ಟರು ಅದನ್ನು ನೋಡುತ್ತಿರುವಾಗ ವರ್ಷಿಣಿ ಮೆಲ್ಲಗೆ ಬಗ್ಗಿದಳು.

“ಆಂಟಿ, ಬ್ಯಾಲೆನ್ಸ್ ಆಗಿಲ್ಲ. ಎಚ್‌ಸಿಎಲ್ ಮುಂದೆ ಎರಡು ಬೇಕು.”

ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಆ ಎರಡನ್ನು ತಾನೇ ದುಂಡಗೆ ಬರೆದಳು. ಡಾಕ್ಟರು ಹುಬ್ಬೇರಿಸಿ, ಹಾಗಾದರೆ ನಿನಗೆ ಗೊತ್ತಿದೆಯಲ್ಲ ಎಂದರು.

“ಇಕ್ವೇಶನ್ ಪತಾ ಹೈ ಸರ್. ಬಾಥ್‌ರೂಮ್ ಕಾ ನಹೀ ಪತಾ.”

ಸಮೀಕರಣ ಗೊತ್ತಂತೆ, ಬಚ್ಚಲಲ್ಲಿ ಆದದ್ದು ಗೊತ್ತಿಲ್ಲವಂತೆ. ಇಂಥವಳನ್ನು ತಯಾರು ಮಾಡಿದ್ದು ನಾನೇ ಎಂದು ಅಸಹ್ಯವಾಯಿತು. ಮಂಚದ ಮೇಲಿಂದ ಕಾಶಮ್ಮ ನನ್ನ ಸೆರಗು ಹಿಡಿದಳು.

“ಅಕ್ಕಾರ, ಮನೀಗೆ ಹೋಗೂನ್ರೀ. ಸಾವ್ಕಾರ್ರು ಕೆಲಸ ಬಿಡಸ್ತಾರ.”

ರೋಗಿಯೇ ಹಾಗಂದ ಮೇಲೆ ಡಾಕ್ಟರಿಗೆ ಕೈ ತೊಳೆದುಕೊಳ್ಳುವುದು ಸುಲಭವಾಯಿತು.

ನಿವಾಸಕ್ಕೆ ಮರಳಿದ ಕಾಶಮ್ಮನಿಗೆ ಸಂಜೆಗೆ ಬಾಯಲ್ಲಿ ನೊರೆ ಬರತೊಡಗಿತು. ದೊಡ್ಡ ಆಸ್ಪತ್ರೆಗೆ ಹೊರಟ ಆಟೋ ಗೋದೌಲಿಯಾದ ಜನಜಂಗುಳಿಯಲ್ಲಿ ಸಿಕ್ಕಿಕೊಂಡಿದ್ದಾಗ, ನನ್ನ ತೊಡೆಯ ಮೇಲೆಯೇ ಕಾಶಮ್ಮನ ಪ್ರಾಣ ಹೋಯಿತು.

ದೇಹವನ್ನು ನಿವಾಸದ ಅಂಗಳದಲ್ಲಿ ಇಳಿಸಿದಾಗ ಗದಗದ ಯಾತ್ರಿಕರೆಲ್ಲ ಹೊರಬಂದರು. ಕಾಶಿಯಲ್ಲಿ ಪ್ರಾಣ ಬಿಟ್ಟಳು, ಪುಣ್ಯವಂತೆ ಎಂದರು. ಎಲ್ಲರಿಗಿಂತ ಮುಂದೆ ನಿಂತು ಕೈಮುಗಿದವನು ತೋಂಟೇಶ.