ಭಾವನ ಕೊರಳು, ನನ್ನ ಕತ್ತಿ

ಕ್ಷೌರದವನ ಕೈ ಜುಮ್ಮೆನ್ನದೆ ಇನ್ಯಾರ ಕೈ ಜುಮ್ಮೆನ್ನಬೇಕು ಹೇಳಿ? ದಿನವಿಡೀ ಕೈಯೆತ್ತಿಕೊಂಡೇ ನಿಲ್ಲುವ ಕೆಲಸ ನಮ್ಮದು. ಆಪರೇಷನ್ ಮುಗಿಸಿ ಅಂಗಡಿಗೆ ಮರಳಿದ ದಿನ ಬೆರಳು ಜುಮುಗುಟ್ಟಿದಾಗಲೂ ಎಂದಿನಂತೆ ಬಿಸಿನೀರಿನಲ್ಲಿ ಅದ್ದಿ, ಕೊಡವಿ, ಸುಮ್ಮನಾದೆ.

ಕುತ್ತಿಗೆಯಲ್ಲಿ ಊದಿಕೊಂಡಿದ್ದ ಥೈರಾಯ್ಡ್ ಗ್ರಂಥಿಯನ್ನು ತೆಗೆದಿದ್ದರು. ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: "ಮೈಯ ಬಿಸಿ, ಚುರುಕು ಎಲ್ಲ ನೋಡ್ಕೊಳ್ಳೋದು ಥೈರಾಯ್ಡ್. ಆ ಕೆಲಸಕ್ಕೆ ಇನ್ನು ದಿನಾ ಮಾತ್ರೆ. ಅದರ ಬೆನ್ನಿಗೆ ಅಕ್ಕಿಕಾಳಿನಷ್ಟು ನಾಲ್ಕು ಪ್ಯಾರಾಥೈರಾಯ್ಡ್ ಇವೆ. ರಕ್ತದಲ್ಲಿ ಕ್ಯಾಲ್ಸಿಯಂ ಕಮ್ಮಿ ಆಗದ ಹಾಗೆ ಕಾಯೋದು ಅವು. ಉಳಿಸಿದ್ದೀನಿ, ಆದ್ರೆ ಸ್ವಲ್ಪ ದಿನ ಮುನಿಸಿಕೊಂಡಿರ್ತವೆ. ಕ್ಯಾಲ್ಸಿಯಂ ಮಾತ್ರೆ ತಪ್ಪಿಸಬೇಡಿ. ಬೆರಳು ಜುಮ್ ಅಂದ್ರೆ ಓಡಿ ಬನ್ನಿ."

ಹೂಂ ಅಂದಿದ್ದೆ. ಹೂಂ ಅನ್ನಲು ನಂದೇನು ಗಂಟು ಹೋಗುತ್ತದೆ? ಮಾತ್ರೆಯನ್ನು ನೆನಪಾದಾಗ ನುಂಗುತ್ತಿದ್ದೆ.

ನನ್ನ ಕುತ್ತಿಗೆಯ ಹೊಲಿಗೆ ಕಂಡು ಗಿರಾಕಿಗಳು ಹಿಂದೆಮುಂದೆ ನೋಡಿದರು. ಅಕ್ಕನ ಗಂಡ ಮಾತ್ರ ನೇರ ಬಂದು ಕುರ್ಚಿಗೊರಗಿದರು. "ಬೋಣಿ ನಂದೇ ಕಣೋ."

ಒಂದು ಕೆನ್ನೆ ಮುಗಿದು ಕತ್ತಿ ಕೊರಳಿಗೆ ಇಳಿದಿತ್ತು. ಅಷ್ಟರಲ್ಲಿ ನನ್ನ ಬೆರಳೆಲ್ಲ ಒಂದಕ್ಕೊಂದು ಅಂಟಿ, ಮಣಿಕಟ್ಟು ಮಡಿಚಿ, ಕೈ ಮರವಾಯಿತು. ಬಿಡಿಸಲು ಹೋದರೆ ಬರಲೊಲ್ಲದು. ಅಲಗು ಭಾವನ ಗಂಟಲ ಮೇಲೇ ಇದೆ!

"ಭಾವ, ಕೈ ನನ್ ಮಾತು ಕೇಳ್ತಿಲ್ಲ."

ಅವರು ಮಿಸುಕಲಿಲ್ಲ, ಉಗುಳೂ ನುಂಗಲಿಲ್ಲ. ಮೆಲ್ಲಗೆ ನನ್ನ ಮಣಿಕಟ್ಟು ಹಿಡಿದು ಆಚೆ ಸರಿಸಿದರು. ಆಮೇಲೆ ಉಸಿರುಬಿಟ್ಟು, "ನಿಮ್ಮಕ್ಕನ್ನ ಚೆನ್ನಾಗೇ ನೋಡ್ಕೊಂಡಿದೀನಲ್ಲೋ, ಯಾಕೋ ಈ ಸೇಡು?" ಅಂದರು.

ಅರ್ಧ ಮುಖದ ನೊರೆಯಲ್ಲೇ ನನ್ನನ್ನು ಆಸ್ಪತ್ರೆಗೆ ಎಳೆದೊಯ್ದರು. ಸೂಜಿಯಲ್ಲಿ ಕ್ಯಾಲ್ಸಿಯಂ ಇಳಿಯುತ್ತಿದ್ದಂತೆ ಬೆರಳು ಒಂದೊಂದಾಗಿ ಬಿಟ್ಟವು. ಡಾಕ್ಟರಮ್ಮ ಚೆನ್ನಾಗಿ ಉಗಿದರು, ಉಗಿಸಿಕೊಂಡಷ್ಟೂ ಹಿತವಾಯಿತು. ಕೈಯೇನೋ ಬಂತು, ಧೈರ್ಯ ಬರಲಿಲ್ಲ. ಅಂದಿನಿಂದ ಬರೀ ಕತ್ತರಿ. ಕತ್ತಿ ಹಿಡಿಯಲಾಗದವನು ಎಂಥ ಕ್ಷೌರದವನು ಎಂದು ಒಳಗೊಳಗೇ ಕುಸಿದೆ.

ಕೆಲವು ವಾರಗಳ ಮೇಲೆ ಡಾಕ್ಟರಮ್ಮ ರಕ್ತಪರೀಕ್ಷೆ ನೋಡಿ, "ನಾಲ್ವರ ಮುನಿಸೂ ಇಳೀತು," ಎಂದು ನಕ್ಕರು. ನಾನು ಕುತ್ತಿಗೆ ಮುಟ್ಟಿಕೊಂಡು, "ತಣ್ಣಗಿರ್ರಪ್ಪ, ಪುಣ್ಯಾತ್ಮರಾ," ಅಂದೆ. ಕಣ್ಣು ತುಂಬಿತು.

ಅದೇ ಸಂಜೆ ಭಾವ ಬಂದರು. ಬೇರೆ ಅಂಗಡಿಯ ಮೆಟ್ಟಿಲನ್ನೇ ಹತ್ತದೆ ಮುಖದ ತುಂಬ ಗಡ್ಡ ಬಿಟ್ಟಿದ್ದರು.

"ಕತ್ತಿ ಬೇಡ ಭಾವ. ನಂಗೆ ಹೆದರಿಕೆ."

"ಹೆದರ್ಕೋ ಹೋಗು. ನಂಗೆ ನಿದ್ದೆ ಬರ್ತಿದೆ."

ತಲೆ ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿದರು. ನಾನು ನೊರೆ ಹಚ್ಚಿ ಕತ್ತಿ ಬಿಚ್ಚುವಷ್ಟರಲ್ಲಿ, ಪುಣ್ಯಾತ್ಮ, ನಿಜವಾಗಿಯೂ ಗೊರಕೆ ಹೊಡೆಯುತ್ತಿದ್ದರು.